ಸದ್ದಿಲ್ಲದೆ ಒಳಹೊಕ್ಕ ಹ್ಯಾಕರ್‌ಗಳ ಜಾಡು ಹಿಡಿಯುವುದು ಹೇಗೆ?

2020ರ ಕೊನೆಯಲ್ಲಿ ಫೈರ್‌ಐ ಎಂಬ ಸೈಬರ್ ಭದ್ರತಾ ಕಂಪನಿಯ ಸಿಬ್ಬಂದಿಯೊಬ್ಬರ ಕಣ್ಣಿಗೆ ಒಂದು ಸಣ್ಣ ಸಂಗತಿ ಬಿತ್ತು. ಲಾಗಿನ್ ಖಚಿತಪಡಿಸಲೆಂದು ಒಬ್ಬ ಉದ್ಯೋಗಿಯ ಹೆಸರಿನಲ್ಲಿ ಎರಡು ಫೋನ್‌ಗಳು ನೋಂದಣಿಯಾಗಿದ್ದವು. ಹೊಸ ಫೋನ್ ಕೊಂಡವರೆಲ್ಲ ಹೀಗೆ ಮಾಡುತ್ತಾರೆ, ತಲೆ ಕೆಡಿಸಿಕೊಳ್ಳುವಂಥದ್ದೇನಲ್ಲ. ಆದರೂ ಆ ಉದ್ಯೋಗಿಗೆ ಕರೆ ಮಾಡಿ, ಎರಡನೆಯದೂ ನಿಮ್ಮದೇನಾ ಎಂದು ವಿಚಾರಿಸಿದರು. ತನ್ನದಲ್ಲ ಎಂಬ ಉತ್ತರ ಬಂತು. ಆ ಎಳೆ ಹಿಡಿದು ಜಗ್ಗಿದಾಗ ಹೊರಬಿದ್ದದ್ದು ಸೋಲಾರ್‌ವಿಂಡ್ಸ್ ಪ್ರಕರಣ. ಆ ಹೆಸರಿನ ಕಂಪನಿಯ ನೆಟ್‌ವರ್ಕ್ ನಿರ್ವಹಣೆಯ ತಂತ್ರಾಂಶವೊಂದರ ಅಪ್‌ಡೇಟ್‌ನಲ್ಲೇ ಹ್ಯಾಕರ್‌ಗಳು ಹಿಂಬಾಗಿಲು ಅಡಗಿಸಿ, ಸುಮಾರು 18,000 ಗ್ರಾಹಕರಿಗೆ ತಲುಪಿಸಿದ್ದರು. ಆ ಅಪ್‌ಡೇಟ್ ಹಂಚಿಕೆ ಶುರುವಾಗಿದ್ದು ಮಾರ್ಚ್‌ನಲ್ಲಿ. ಬಯಲಾಗಿದ್ದು ಡಿಸೆಂಬರ್‌ನಲ್ಲಿ.

ಈ ಒಂಬತ್ತು ತಿಂಗಳಲ್ಲಿ ಆಂಟಿವೈರಸ್‌ಗಳು, ಫೈರ್‌ವಾಲ್‌ಗಳು ಎಲ್ಲವೂ ಕೆಲಸ ಮಾಡುತ್ತಲೇ ಇದ್ದವು. ಅವು ಮೊದಲೇ ಗುರುತಿರುವ ಕಳ್ಳರನ್ನು ಮಾತ್ರ ಹಿಡಿಯುತ್ತವೆ. ಹೊಸ ಕಳ್ಳ ಹೊಸ ವೇಷದಲ್ಲಿ ಬಂದರೆ ಅಲಾರಂ ಹೊಡೆಯುವುದಿಲ್ಲ. ‘ಒಬ್ಬ ಒಳಗೆ ಬಂದುಬಿಟ್ಟಿದ್ದಾನೆ’ ಎಂದೇ ಅಂದುಕೊಂಡು, ಅಲಾರಂಗೆ ಕಾಯದೆ, ನಾವೇ ಹುಡುಕಿಕೊಂಡು ಹೊರಡುವ ಕೆಲಸಕ್ಕೆ ಥ್ರೆಟ್ ಹಂಟಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಬೇಟೆ ಎನ್ನಬಹುದು. ನನ್ನನ್ನು ಕೇಳಿದರೆ ಇದು ಬೇಟೆಗಿಂತ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸಕ್ಕೆ ಹತ್ತಿರ.

ಮೊದಲು ಪ್ರಶ್ನೆ, ಆಮೇಲೆ ಹುಡುಕಾಟ

ಹೊಸಬರು ಮಾಡುವ ತಪ್ಪು ಒಂದೇ: ಲಾಗ್‌ಗಳನ್ನು (ಯಂತ್ರಗಳು ತಮ್ಮಲ್ಲಿ ನಡೆದದ್ದನ್ನು ಬರೆದಿಡುವ ದಾಖಲೆಗಳನ್ನು) ತೆರೆದು ‘ಏನಾದರೂ ಕಾಣುತ್ತದೇನೋ’ ಎಂದು ಕೂರುವುದು. ಏನೂ ಕಾಣುವುದಿಲ್ಲ, ಕಣ್ಣು ಮಾತ್ರ ನೋಯುತ್ತದೆ. ಬೇಟೆಗೆ ಒಂದು ಗುಮಾನಿ ಬೇಕು, ಅದೂ ಲಾಗ್‌ನಲ್ಲಿ ಹೌದು-ಅಲ್ಲ ಎಂದು ತೀರ್ಮಾನಿಸಬಹುದಾದ ಗುಮಾನಿ. ‘ನಮ್ಮ ಮೇಲೆ ದಾಳಿ ಆಗಿದೆಯೇ?’ ಎಂಬುದರಿಂದ ಪ್ರಯೋಜನವಿಲ್ಲ. ‘ಅಡ್ಮಿನ್ ಒಬ್ಬರ ಪಾಸ್‌ವರ್ಡ್ ಕದ್ದವನು ಅದನ್ನು ಬಳಸಿ ಸರ್ವರ್‌ನಿಂದ ಸರ್ವರ್‌ಗೆ ಹೋಗುತ್ತಿದ್ದರೆ, ಯಾವ ದಾಖಲೆಯಲ್ಲಿ ಅದರ ಗುರುತು ಉಳಿಯುತ್ತದೆ?’ ಎಂಬುದು ಪ್ರಶ್ನೆ.

ಇಂಥ ಪ್ರಶ್ನೆಗಳ ಗಣಿ ಎಂದರೆ ಮೈಟರ್ ಸಂಸ್ಥೆಯ ‘ಅಟ್ಯಾಕ್’ ಕೋಶ. 2015ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಒಳಹೊಗುವುದರಿಂದ ಹಿಡಿದು ಮಾಹಿತಿ ಹೊರಸಾಗಿಸುವವರೆಗೆ ಹ್ಯಾಕರ್ ಗುಂಪುಗಳು ಬಳಸಿದ ಪಟ್ಟುಗಳನ್ನೆಲ್ಲ ಅದರಲ್ಲಿ ಗುಂಪಿನ ಹೆಸರಿನೊಂದಿಗೆ ನಮೂದಿಸಿದ್ದಾರೆ. ನಿಮ್ಮಂಥ ಸಂಸ್ಥೆಗಳ ಮೇಲೆ ಕಣ್ಣಿಟ್ಟಿರುವ ಗುಂಪೊಂದನ್ನು ಆರಿಸಿ, ಅದರ ಒಂದೇ ಒಂದು ಪಟ್ಟಿನಿಂದ ಶುರುಮಾಡಿ.

ಪಟ್ಟಿನ ಹಿಂದೆಯೇ ಏಕೆ ಬೀಳಬೇಕು? ಡೇವಿಡ್ ಬಿಯಾಂಕೊ 2013ರಲ್ಲಿ ಒಂದು ಪಿರಮಿಡ್ ಚಿತ್ರದ ಮೂಲಕ ಇದನ್ನು ವಿವರಿಸಿದರು. ತಳದಲ್ಲಿರುವುದು ಫೈಲ್‌ನ ಹ್ಯಾಶ್, ಅಂದರೆ ಫೈಲ್‌ನಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ. ಫೈಲ್‌ನಲ್ಲಿ ಒಂದು ಬೈಟ್ ಬದಲಾದರೆ ಅದು ಕೆಲಸಕ್ಕೆ ಬಾರದು. ಮೇಲೆ ಐಪಿ ವಿಳಾಸ, ಡೊಮೈನ್. ಇವನ್ನೂ ದಾಳಿಕೋರ ಸುಲಭವಾಗಿ ಬದಲಿಸುತ್ತಾನೆ. ತುದಿಯಲ್ಲಿರುವುದು ಅವನ ಕೆಲಸದ ರೀತಿ, ಅಂದರೆ ಚಾಳಿ. ಅಂಗಿ ಬದಲಿಸಿದಷ್ಟು ಸಲೀಸಾಗಿ ಚಾಳಿ ಬದಲಿಸಲಾಗದು.

ಗುರುತು ಉಳಿಯುವಂತೆ ಮಾಡಿ

ಇದು ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಪ್ರೋಗ್ರಾಂ ಶುರುವಾದಾಗ ಅದರ ಪೂರ್ತಿ ಕಮಾಂಡ್ ಸಾಲನ್ನು ವಿಂಡೋಸ್ ತಾನಾಗಿ ಬರೆದಿಡುವುದಿಲ್ಲ. ವಿಂಡೋಸ್ ಲಾಗ್‌ನಲ್ಲಿ ಪ್ರತಿ ಬಗೆಯ ಘಟನೆಗೂ ಒಂದು ಸಂಖ್ಯೆ ಇರುತ್ತದೆ; ಪ್ರೋಗ್ರಾಂ ಶುರುವಾದದ್ದನ್ನು ಹೇಳುವ ಈವೆಂಟ್ 4688ರಲ್ಲಿ ಆ ಆಯ್ಕೆಯನ್ನು ನಾವೇ ಚಾಲೂ ಮಾಡಬೇಕು. ಇಲ್ಲವೇ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಸಿಸ್‌ಮಾನ್ ಹಾಕಿಕೊಳ್ಳಬೇಕು. ವಿಂಡೋಸ್‌ಗೆ ಆಜ್ಞೆ ಕೊಡುವ ಉಪಕರಣವಾದ ಪವರ್‌ಶೆಲ್‌ನ ಸ್ಕ್ರಿಪ್ಟ್‌ಗಳ ಒಡಲನ್ನು ದಾಖಲಿಸುವುದು ಈವೆಂಟ್ 4104. ನೆಟ್‌ವರ್ಕ್ ಓಡಾಟ ದಾಖಲಿಸಲು ಜೀಕ್ ಎಂಬ ತಂತ್ರಾಂಶ ಇದೆ, 1995ರಲ್ಲಿ ವರ್ನ್ ಪ್ಯಾಕ್ಸನ್ ‘ಬ್ರೋ’ ಎಂಬ ಹೆಸರಿನಲ್ಲಿ ಶುರುಮಾಡಿದ್ದು. ಇವುಗಳ ಜೊತೆಗೆ ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮತ್ತು ಕ್ಲೌಡ್ ಲಾಗಿನ್ ದಾಖಲೆಗಳು ಬೇಕು. ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಬೇಕು, ಇಲ್ಲದಿದ್ದರೆ ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

ಲಾಗ್‌ಗಳು ಆಯಾ ಯಂತ್ರದಲ್ಲೇ ಉಳಿದರೆ ದಾಳಿಕೋರ ಅಳಿಸಿ ಹೋಗುತ್ತಾನೆ. ಬೇರೊಂದು ಕಡೆಗೆ ಆಗಿಂದಾಗ್ಗೆ ಸಾಗಿಸಿ. ಎಷ್ಟು ಕಾಲ ಇಡಬೇಕು ಎಂದು ಕೇಳುವವರು ಮೇಲಿನ ಮಾರ್ಚ್-ಡಿಸೆಂಬರ್ ಲೆಕ್ಕವನ್ನು ಮತ್ತೊಮ್ಮೆ ನೋಡಲಿ. ಮೂವತ್ತು ದಿನದ ಲಾಗ್ ಇಟ್ಟುಕೊಂಡವರಿಗೆ ಆ ಕಥೆಯ ಕೊನೆಯ ಪುಟ ಮಾತ್ರ ಸಿಗುತ್ತಿತ್ತು.

ಎಣಿಸಿ, ತಳ ನೋಡಿ

ನಿಜವಾದ ಕೆಲಸ ಇಲ್ಲಿಂದ. ನಿಮ್ಮ ಮನೆಯ ಸಹಜ ಸ್ಥಿತಿ ಗೊತ್ತಿಲ್ಲದೆ ಅಸಹಜವನ್ನು ಗುರುತಿಸಲಾಗದು. ಅದಕ್ಕೆ ಸರಳ ಉಪಾಯ ಎಣಿಕೆ. ಕಳೆದ ಒಂದು ತಿಂಗಳಲ್ಲಿ ಓಡಿದ ಪ್ರೋಗ್ರಾಂಗಳನ್ನೆಲ್ಲ ಪಟ್ಟಿಮಾಡಿ, ಪ್ರತಿಯೊಂದೂ ಎಷ್ಟು ಯಂತ್ರಗಳಲ್ಲಿ ಓಡಿದೆ ಎಂದು ಎಣಿಸಿ. ಸಾವಿರಾರು ಯಂತ್ರಗಳಲ್ಲಿ ಇರುವುದನ್ನು ಬಿಡಿ. ಪಟ್ಟಿಯ ತಳಕ್ಕೆ ಇಳಿಯಿರಿ, ಒಂದೋ ಎರಡೋ ಕಡೆ ಮಾತ್ರ ಕಂಡದ್ದು ಅಲ್ಲಿರುತ್ತದೆ.

ಆಮೇಲೆ ತಾಯಿ-ಮಕ್ಕಳ ಸಂಬಂಧ ನೋಡಿ. ಯಾವ ಪ್ರೋಗ್ರಾಂ ಯಾವುದನ್ನು ಹುಟ್ಟಿಸಿತು? ವಿಂಡೋಸ್‌ನ ಎಸ್‌ವಿಸಿಹೋಸ್ಟ್ ಸಾಮಾನ್ಯವಾಗಿ ಸರ್ವಿಸಸ್ ಎಂಬ ಪ್ರೋಗ್ರಾಂನ ಮಗು, ಸಿಸ್ಟಮ್32 ಫೋಲ್ಡರ್‌ನಲ್ಲಿ ವಾಸ. ಅದೇ ಹೆಸರಿನದು ಟೆಂಪ್ ಫೋಲ್ಡರ್‌ನಿಂದ ಎದ್ದು ಬಂದರೆ ಅದು ವೇಷಧಾರಿ. ವರ್ಡ್ ಕಡತ ತೆರೆದಾಗ ವರ್ಡ್ ಹೋಗಿ ಪವರ್‌ಶೆಲ್ ಎಬ್ಬಿಸಿದರೆ, ಇಂಥ ಪತ್ರ ಬರೆದವರು ಯಾರು ಎಂದು ಕೇಳಲೇಬೇಕು.

ನಿಮ್ಮದೇ ಆಯುಧ, ಅವರ ಕೈ

ಪಳಗಿದ ಗುಂಪುಗಳು ತಮ್ಮ ಸಾಮಾನು ತರುವುದೇ ಇಲ್ಲ. ವೋಲ್ಟ್ ಟೈಫೂನ್ ಎಂಬ ಗುಂಪಿನ ಬಗ್ಗೆ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಭದ್ರತಾ ಸಂಸ್ಥೆಗಳು 2023ರ ಮೇ ತಿಂಗಳಲ್ಲಿ ಎಚ್ಚರಿಸಿದವು. ಚೀನಾ ಸರ್ಕಾರದ ಬೆಂಬಲದ ಗುಂಪು ಎಂದು ಅವು ಹೇಳುತ್ತವೆ. ಅಮೆರಿಕದ ಮೂಲಸೌಕರ್ಯ ಜಾಲಗಳಲ್ಲಿ ಕೆಲವೆಡೆ ಅದು ಕನಿಷ್ಠ ಐದು ವರ್ಷ ಠಿಕಾಣಿ ಹೂಡಿತ್ತು ಎಂದು 2024ರ ಫೆಬ್ರುವರಿಯ ಎಚ್ಚರಿಕೆ ತಿಳಿಸಿತು. ಬಳಸಿದ್ದು ಬಹುಪಾಲು ವಿಂಡೋಸ್‌ನಲ್ಲೇ ಇರುವ ಪವರ್‌ಶೆಲ್, ನೆಟ್‌ಎಸ್‌ಎಚ್, ಎನ್‌ಟಿಡಿಎಸ್‌ಯುಟಿಲ್‌ನಂಥ ಉಪಕರಣಗಳನ್ನು.

ಇಲ್ಲಿ ‘ಏನು ಓಡಿತು’ ಎಂದು ಕೇಳಿ ಫಲವಿಲ್ಲ. ಯಾರು, ಎಲ್ಲಿಂದ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು. ಎನ್‌ಟಿಡಿಎಸ್‌ಯುಟಿಲ್ ಬಳಸಿ, ಸಂಸ್ಥೆಯ ಎಲ್ಲ ಖಾತೆಗಳ ಕೋಶವಾದ ಆಕ್ಟಿವ್ ಡೈರೆಕ್ಟರಿಯ ನಕಲು ತೆಗೆಯುವುದು ಅಡ್ಮಿನ್‌ಗಳಿಗೂ ಅಪರೂಪದ ಕೆಲಸ. ಆ ನಕಲಿನಲ್ಲಿ ಎಲ್ಲರ ಪಾಸ್‌ವರ್ಡ್ ಹ್ಯಾಶ್‌ಗಳಿರುತ್ತವೆ. ಅದು ಕಂಡ ದಿನ ಅಡ್ಮಿನ್‌ಗೆ ಕರೆ ಮಾಡಿ. ‘ನೆಟ್‌ಎಸ್‌ಎಚ್ ಪೋರ್ಟ್‌ಪ್ರಾಕ್ಸಿ’ ಸೇರ್ಪಡೆಯಾಗಿದ್ದರೆ ಯಾರೋ ನಿಮ್ಮ ಯಂತ್ರವನ್ನು ದಾರಿ ಮಾಡಿಕೊಂಡಿರಬಹುದು.

ಲಾಗಿನ್‌ಗಳಲ್ಲಿ ಈವೆಂಟ್ 4624 ತೆಗೆದುಕೊಳ್ಳಿ. ಅದರಲ್ಲಿ ಟೈಪ್ 3 ಎಂದರೆ ನೆಟ್‌ವರ್ಕ್ ಮೂಲಕ, ಟೈಪ್ 10 ಎಂದರೆ ರಿಮೋಟ್ ಡೆಸ್ಕ್‌ಟಾಪ್. ಯಾವ ಖಾತೆ ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಹೋಯಿತು ಎಂಬ ಜೋಡಿಗಳನ್ನು ಮೂರು ತಿಂಗಳಿಗೆ ಕಟ್ಟಿ. ಈ ವಾರ ಮೊದಲ ಸಲ ಕಂಡ ಜೋಡಿಗಳನ್ನು ಮಾತ್ರ ನೋಡಿ. ಲೆಕ್ಕಪತ್ರ ವಿಭಾಗದ ಕಂಪ್ಯೂಟರ್ ಬ್ಯಾಕಪ್ ಸರ್ವರ್‌ಗೆ ನಡುರಾತ್ರಿ ಹೊಕ್ಕಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು. ಬಹಳ ಸಲ ಆ ಕಾರಣ ಯಾರೋ ಬರೆದು ಮರೆತ ಸ್ಕ್ರಿಪ್ಟ್ ಆಗಿರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾಡಿ ಮಿಡಿತ ಆಲಿಸಿ

ಒಳಗಿರುವ ಕಳ್ಳ ಹೊರಗಿನ ಯಜಮಾನನಿಗೆ ಆಗಾಗ ‘ಏನಪ್ಪಣೆ?’ ಎಂದು ಕೇಳುತ್ತಿರಬೇಕು. ಇದಕ್ಕೆ ಬೀಕನ್ ಎನ್ನುತ್ತಾರೆ. ದಾಳಿಕೋರರು ಬಳಸುವ ಕೋಬಾಲ್ಟ್ ಸ್ಟ್ರೈಕ್ ಎಂಬ ಉಪಕರಣ ಹೇಗಿದೆಯೋ ಹಾಗೆ ಬಳಸಿದರೆ 60 ಸೆಕೆಂಡಿಗೊಮ್ಮೆ ಕೇಳುತ್ತದೆ. ಜಾಣರು ಈ ಅಂತರವನ್ನು ಹಿಗ್ಗಿಸಿ, ಸ್ವಲ್ಪ ಹಿಂದೆಮುಂದೆ ಮಾಡುತ್ತಾರೆ. ಜೀಕ್ ದಾಖಲೆಯಲ್ಲಿ ಪ್ರತಿ ಯಂತ್ರ ಮತ್ತು ಹೊರಗಿನ ವಿಳಾಸದ ಜೋಡಿಗೆ ಎರಡು ಸಂಪರ್ಕಗಳ ನಡುವಿನ ಅಂತರ ಲೆಕ್ಕಹಾಕಿ. ಮನುಷ್ಯ ಬ್ರೌಸ್ ಮಾಡಿದರೆ ಅಂತರಗಳು ಚೆಲ್ಲಾಪಿಲ್ಲಿ. ಯಂತ್ರ ಮಾಡಿದರೆ ಒಂದೇ ಅಳತೆಯ ಸುತ್ತ ಗುಂಪುಗಟ್ಟುತ್ತವೆ. ಅಪ್‌ಡೇಟ್ ತಂತ್ರಾಂಶಗಳೂ ಹೀಗೇ ಮಿಡಿಯುವುದರಿಂದ ಇನ್ನೊಂದು ಜರಡಿ ಬೇಕು: ಆ ವಿಳಾಸದ ಜೊತೆ ನಿಮ್ಮಲ್ಲಿ ಎಷ್ಟು ಯಂತ್ರಗಳು ಮಾತಾಡುತ್ತಿವೆ? ಒಂದೇ ಒಂದು ಯಂತ್ರ ಎಂದಾದರೆ ಹತ್ತಿರ ಹೋಗಿ ನೋಡಿ.

ಡಿಎನ್‌ಎಸ್ ಹೆಸರಿನಲ್ಲಿ ಎರಡು ಚುಕ್ಕೆಗಳ ನಡುವೆ 63 ಅಕ್ಷರಗಳವರೆಗೆ ತುಂಬಬಹುದು. ಕೆಲವರು ಅಲ್ಲೇ ಮಾಹಿತಿ ತುರುಕಿ ಸಾಗಿಸುತ್ತಾರೆ. ಸೋಲಾರ್‌ವಿಂಡ್ಸ್ ಹಿಂಬಾಗಿಲು ತಾನು ಯಾವ ಸಂಸ್ಥೆಯೊಳಗಿದ್ದೇನೆ ಎಂಬುದನ್ನು ಗೂಢವಾಗಿ ಬರೆದು, ಉಪಡೊಮೈನ್ ಹೆಸರಾಗಿ ಕಳಿಸುತ್ತಿತ್ತು. ಅರ್ಥವಿಲ್ಲದ ಉದ್ದ ಹೆಸರುಗಳು ಒಂದೇ ಡೊಮೈನ್ ಅಡಿಯಲ್ಲಿ ಹೊಸಹೊಸದಾಗಿ ಬರುತ್ತಲೇ ಇದ್ದರೆ ಅನುಮಾನಿಸಿ.

ಬೋನಿಟ್ಟು ಕಾಯಿರಿ

1986ರಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞರಿಗೆ ಕಂಪ್ಯೂಟರ್ ಲೆಕ್ಕದಲ್ಲಿ ಕಡಿಮೆ ಬಿದ್ದ 75 ಸೆಂಟ್ ಪತ್ತೆಮಾಡುವ ಕೆಲಸ ಬಂತು. ಬೆನ್ನುಹತ್ತಿದವರಿಗೆ ಸಿಕ್ಕಿದ್ದು ಪಶ್ಚಿಮ ಜರ್ಮನಿಯಿಂದ ನುಗ್ಗಿ, ಕದ್ದದ್ದನ್ನು ಕೆಜಿಬಿಗೆ ಮಾರುತ್ತಿದ್ದ ಹ್ಯಾಕರ್. ಅವನನ್ನು ತುಂಬ ಹೊತ್ತು ಲೈನಿನಲ್ಲಿ ಹಿಡಿದಿಡಲು ಸ್ಟಾಲ್ ಇಲ್ಲದ ಸೇನಾ ಯೋಜನೆಯೊಂದರ ಸುಳ್ಳು ಕಡತಗಳನ್ನು ಸೃಷ್ಟಿಸಿಟ್ಟರು. ಆಸಾಮಿ ಅದನ್ನೇ ಓದುತ್ತ ಕೂತ.

ಈ ಉಪಾಯಕ್ಕೆ ಇಂದಿಗೂ ವಯಸ್ಸಾಗಿಲ್ಲ, ಖರ್ಚೂ ಇಲ್ಲ. ಡೈರೆಕ್ಟರಿಯಲ್ಲಿ ಯಾರೂ ಬಳಸದ ಒಂದು ಸರ್ವಿಸ್ ಖಾತೆ ಇಡಿ, ಹೆಸರು ಬಾಯಲ್ಲಿ ನೀರೂರಿಸುವಂತಿರಲಿ. ಅದಕ್ಕೆ ಯಾರಾದರೂ ಕೆರ್ಬರೋಸ್ ಟಿಕೆಟ್ (ವಿಂಡೋಸ್ ಜಾಲದ ಪ್ರವೇಶ ಚೀಟಿ) ಕೇಳಿದರೆ ಈವೆಂಟ್ 4769 ಬೀಳುತ್ತದೆ. ಯಾವ ಪ್ರಾಮಾಣಿಕ ಕೆಲಸಕ್ಕೂ ಆ ಖಾತೆ ಬೇಕಿಲ್ಲ.

ಸಿಕ್ಕಿಬಿದ್ದರೆ

ಕೈ ಕಟ್ಟಿಕೊಳ್ಳುವುದು ಇಲ್ಲಿ ಕಷ್ಟದ ಕೆಲಸ. ಒಂದು ಯಂತ್ರದ ಪ್ಲಗ್ ಕಿತ್ತರೆ ಮೆಮೊರಿಯಲ್ಲಿದ್ದ ಸಾಕ್ಷ್ಯ ಹೋಗುತ್ತದೆ, ಉಳಿದ ಹತ್ತು ಯಂತ್ರಗಳಲ್ಲಿರುವವನು ಎಚ್ಚರಗೊಳ್ಳುತ್ತಾನೆ. ಮೊದಲು ಎಷ್ಟು ಕಡೆ ಹಬ್ಬಿದ್ದಾನೆ ಎಂದು ತಿಳಿದುಕೊಂಡು, ಎಲ್ಲ ಬಾಗಿಲನ್ನೂ ಒಟ್ಟಿಗೆ ಮುಚ್ಚಿ. ಫೈಲ್‌ಗಳನ್ನು ಬೀಗ ಹಾಕುವುದೋ ಅಳಿಸುವುದೋ ಕಣ್ಣೆದುರೇ ನಡೆಯುತ್ತಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ನೆಟ್‌ವರ್ಕ್‌ನಿಂದ ಬೇರ್ಪಡಿಸಿ.

ಈ ಮಾತುಕತೆ ಆಫೀಸ್ ಇಮೇಲ್‌ನಲ್ಲಿ ಬೇಡ. ಮಿಡ್‌ನೈಟ್ ಬ್ಲಿಜರ್ಡ್ ಎಂಬ ಹ್ಯಾಕರ್ ಗುಂಪು ಮೈಕ್ರೋಸಾಫ್ಟ್‌ನ ಭದ್ರತಾ ಸಿಬ್ಬಂದಿಯ ಇಮೇಲ್‌ಗಳಿಗೂ ಕೈಹಾಕಿತ್ತು, ಮೊದಲು ಹುಡುಕಿದ್ದು ಆ ಗುಂಪಿನ ಬಗ್ಗೆ ಏನು ಗೊತ್ತಾಗಿದೆ ಎಂಬುದನ್ನೇ ಎಂದು 2024ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಅನುಮಾನದ ಫೈಲನ್ನು ಸಾರ್ವಜನಿಕ ಸ್ಕ್ಯಾನಿಂಗ್ ತಾಣಕ್ಕೆ ಏರಿಸುವುದೂ ಡಂಗುರ ಸಾರಿದಂತೆಯೇ.

ಯಾವ ಗುಂಪು ಎಂದು ಹೆಸರಿಡಲು ಆತುರ ಬೇಡ. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಮೇಲಿನ ದಾಳಿಯಲ್ಲಿ ಉತ್ತರ ಕೊರಿಯಾದ ಗುಂಪಿನ ಗುರುತುಗಳನ್ನು ಬೇಕೆಂದೇ ನೆಟ್ಟಿದ್ದರು. ಆಮೇಲೆ ಅಮೆರಿಕ ಆರೋಪ ಹೊರಿಸಿದ್ದು ರಷ್ಯಾದ ಸೇನಾ ಗುಪ್ತಚರರ ಮೇಲೆ.

ಬರೆದಿಡಿ

ಫಲಿಸಿದ ಹುಡುಕಾಟವನ್ನು ಸಿಗ್ಮಾ ಮಾದರಿಯ (ಲಾಗ್‌ನಲ್ಲಿ ಏನನ್ನು ಹುಡುಕಬೇಕೆಂದು ಬರೆದಿಡುವ ಸಾಮಾನ್ಯ ರೂಪ) ನಿಯಮವಾಗಿ ಬರೆದರೆ ಮುಂದಿನ ಸಲ ಯಂತ್ರವೇ ಕೂಗುತ್ತದೆ, ನೀವು ಬೇರೆ ಪ್ರಶ್ನೆಗೆ ಹೋಗಬಹುದು. ಬರಿಗೈಯಲ್ಲಿ ಮುಗಿದದ್ದನ್ನೂ ಬರೆದಿಡಿ: ಏನು ಕೇಳಿದಿರಿ, ಯಾವ ದಿನದಿಂದ ಯಾವ ದಿನದವರೆಗಿನ ಲಾಗ್ ನೋಡಿದಿರಿ, ಯಾವ ಯಂತ್ರಗಳಿಂದ ಲಾಗ್ ಬಂದೇ ಇರಲಿಲ್ಲ. ಆ ಕೊನೆಯ ಪಟ್ಟಿಯಲ್ಲಿ ಎರಡು ವಾರದ ಹಿಂದಿನವರೆಗೂ ಲಾಗ್ ಕಳಿಸುತ್ತಿದ್ದು ಆಮೇಲೆ ಸುಮ್ಮನಾದ ಯಂತ್ರ ಇದೆಯೇ ನೋಡಿ. ಮುಂದಿನ ಹುಡುಕಾಟ ಅಲ್ಲಿಂದ.