ಬಾವಿ ತೋಡಿದವರ ಜತೆ ಕಲ್ಲು ಓದಿದ್ದು

ಮಲೆನಾಡಿನಲ್ಲಿ ಕಲ್ಲು ಕಣ್ಣಿಗೆ ಬೀಳುವುದೇ ಕಷ್ಟ. ಚಿತ್ರದುರ್ಗದ ಕಡೆ ಹೋದರೆ ಬೆಟ್ಟವೆಂದರೆ ಬರಿಬಂಡೆ. ನಮ್ಮ ಸಾಗರ, ಹೊಸನಗರದ ಕಡೆ ಎಲ್ಲದರ ಮೇಲೂ ಕಾಡು, ದರಗು, ಮಣ್ಣು. ಹಾಗಾಗಿ ಇಲ್ಲಿ ಭೂವಿಜ್ಞಾನ ಕಲಿಯಬೇಕೆಂದರೆ ಯಾರಾದರೂ ಅಗೆದ ಜಾಗವನ್ನೇ ಹುಡುಕಿಕೊಂಡು ಹೋಗಬೇಕು: ಬಾವಿ, ಜಂಬಿಟ್ಟಿಗೆ ಕ್ವಾರಿ, ರಸ್ತೆಗೆಂದು ಕಡಿದ ಧರೆ. ನಾನು ಓದಿದ್ದು ಬಿ.ಕಾಂ. ನನಗೆ ಈ ವಿಷಯದ ಮೊದಲ ಪಾಠ ಹೇಳಿದವರು ದೊಡ್ಡಪ್ಪ.

ಅವರು ವಯಸ್ಸಿನಲ್ಲಿದ್ದಾಗ ಊರಿನ ಎಷ್ಟೋ ಬಾವಿಗಳಿಗೆ ಇಳಿದವರು. ನಮ್ಮ ತೋಟದ ಬಾವಿಕಟ್ಟೆ ಮೇಲೆ ಕೂತು ನೆಲದಡಿ ಏನೇನಿದೆ ಅಂತ ಕೇಳಿದೆ. "ಮೇಲೆ ಒಂದಾಳು ಮಣ್ಣು, ಆಮೇಲೆ ಜಂಬಿಟ್ಟಿಗೆ. ಅದು ಮುಗಿದ್ಮೇಲೆ ಜೇಡಿ ಬರ್ತದೆ ನೋಡು, ಬಿಳಿ, ಹಳದಿ, ನೇರಳೆ, ಎಲ್ಲ ಬಣ್ಣ. ಜೇಡಿ ದಾಟಿ ಬಂಡೆ ಸಿಕ್ತು ಅಂದ್ರೆ ಹಾರೆ ಠಣ್ ಅಂತದೆ, ಅಲ್ಲಿಗೆ ನಿಲ್ಲಿಸೋದೇ ತಮಾ" ಅಂದರು. ಆಮೇಲೆ ಪುಸ್ತಕ ತೆರೆದರೆ ಲ್ಯಾಟರೈಟ್, ಅಂದರೆ ಜಂಬಿಟ್ಟಿಗೆ ನೆಲದ ಚಿತ್ರದಲ್ಲೂ ಇದೇ ಕ್ರಮ. ಸಾವಿರಾರು ಶತಮಾನ ಸುರಿದ ಮಳೆ ತಳದ ಬಂಡೆಯನ್ನು ಕೊಳೆಸಿ, ಕರಗುವುದನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಮೇಲೆ ಉಳಿಸುತ್ತದೆ. ಅದೇ ಜಂಬಿಟ್ಟಿಗೆ. ಹಸಿ ಇದ್ದಾಗ ಕಡಿಯಲು ಮೆತ್ತಗೆ, ಗಾಳಿ ಬಿಸಿಲು ತಾಗಿದಂತೆ ಗಟ್ಟಿ. ಕೆಳಗಿನ ಜೇಡಿಯೆಂದರೆ ಪೂರ್ತಿ ಕೊಳೆತ ಬಂಡೆಯೇ.

ಪುಸ್ತಕ ಅಂದೆನಲ್ಲ, ಭಾರತೀಯ ಭೂವೈಜ್ಞಾನಿಕ ಸಂಘ ಹೊರತಂದ, ಬಿ.ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಧನ್ ಬರೆದ ಕರ್ನಾಟಕದ ಭೂವಿಜ್ಞಾನದ ಗ್ರಂಥ. ಇಂಗ್ಲಿಷಿನಲ್ಲಿದೆ, ಹೊಸಬರಿಗೆ ಕಬ್ಬಿಣದ ಕಡಲೆ. ನಾನು ಮೊದಲಿಂದ ಕೊನೆವರೆಗೆ ಓದಲು ಹೋಗಲಿಲ್ಲ. ಒಂದು ಜಾಗ ನೋಡಿಕೊಂಡು ಬಂದು ಆ ಜಾಗದ ಪುಟ ಮಾತ್ರ ಓದುತ್ತಿದ್ದೆ. ಕಣ್ಣಾರೆ ಕಂಡ ಕಲ್ಲಿಗೆ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ಹೆಸರು ಮೊದಲು ಕಲಿತು ಕಲ್ಲು ಹುಡುಕುವ ದಾರಿ ನನಗೆ ಒಗ್ಗಲಿಲ್ಲ.

ತಿರುಗಾಟದಲ್ಲಿ ಹೆಚ್ಚು ಕಲಿಸಿದ್ದು ಕೆಮ್ಮಣ್ಣುಗುಂಡಿ. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಇಲ್ಲಿಂದ. ಚಿಕ್ಕಪ್ಪ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರನ್ನೇ ಕರೆದುಕೊಂಡು ಹೋದೆ. ಜೇಬಿನಲ್ಲಿ ಒಂದು ಆಯಸ್ಕಾಂತ, ಒಡೆದ ಟೈಲ್ಸಿನ ಒಂದು ಚೂರು. ರಸ್ತೆ ಬದಿ ಉದುರಿದ್ದ ಕಪ್ಪು ಕಲ್ಲೊಂದನ್ನು ಚಿಕ್ಕಪ್ಪ ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿದರು. ಕಲ್ಲು ಕಪ್ಪು, ಬಿದ್ದ ಗೆರೆ ಕಾವಿಗೆಂಪು. "ಇದು ಹೆಮಟೈಟ್. ಮ್ಯಾಗ್ನೆಟೈಟ್ ಆಗಿದ್ರೆ ಗೆರೆನೂ ಕಪ್ಪೇ ಬರೋದು, ಆಯಸ್ಕಾಂತಕ್ಕೂ ಗಬಕ್ಕನೆ ಅಂಟೋದು." ಎರಡೂ ಕಬ್ಬಿಣದ ಅದಿರೇ, ಕುದುರೆಮುಖದಲ್ಲಿ ತೆಗೆಯುತ್ತಿದ್ದುದು ಮ್ಯಾಗ್ನೆಟೈಟ್. ನೋಡಿ ಕಲ್ಲನ್ನು ಅಲ್ಲೇ ಇಟ್ಟು ಬಂದೆವು.

ಕೆಮ್ಮಣ್ಣುಗುಂಡಿ ಇರುವ ಬಾಬಾಬುಡನ್ ಸಾಲಿನ ಈ ಕಬ್ಬಿಣದ ಕಲ್ಲಿನಲ್ಲಿ ಒಂದು ಪಟ್ಟೆ ಕಬ್ಬಿಣ, ಒಂದು ಪಟ್ಟೆ ಬೆಣಚು, ಬೆರಳಿನಷ್ಟೂ ದಪ್ಪವಿಲ್ಲದ ಪಟ್ಟೆಗಳು ಸೀರೆಯ ಅಂಚಿನ ಹಾಗೆ ಮುಂದುವರಿಯುತ್ತವೆ. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಅದು. ಸಮುದ್ರಮಟ್ಟದಿಂದ ಅಷ್ಟು ಎತ್ತರದಲ್ಲಿ ನಿಂತು ಸಮುದ್ರದ ತಳ ಮುಟ್ಟಿದೆ ಅನ್ನಿಸಿ ನನಗೆ ಮಾತೇ ಹೊರಡಲಿಲ್ಲ.

ಅಮ್ಮನಿಗೆ ಈ ಕೋಟಿಗಳ ಲೆಕ್ಕ ಬೇಡ. ಅವಳಿಗೆ ಹಿಡಿಸಿದ್ದು ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ. ಕಂಬದ ನುಣುಪು ಕಂಡವಳೇ "ಇದು ನಮ್ಮ ಕಲ್ಮರಿಗೆಯ ಕಲ್ಲಲ್ವೇನೋ!" ಅಂದಳು. ಹೌದು, ಎರಡೂ ಬಳಪದ ಕಲ್ಲು. ಮೆತ್ತಗಿರುವುದರಿಂದಲೇ ಚಾಲುಕ್ಯರ ಕಾಲದ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಹುಳಿಗೆ ಜಗ್ಗದ್ದರಿಂದಲೇ ಅಜ್ಜಿ ಅದರಲ್ಲಿ ಉಪ್ಪಿನಕಾಯಿ ಇಡುತ್ತಿದ್ದರು.

ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪ ನೋಡಲೇಬೇಕು. ಅಲ್ಲಿಯ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷದ್ದು. ಮಲೆನಾಡಿನ ತಳಗಲ್ಲಾದ ಗ್ನೀಸ್ 300 ಕೋಟಿ ವರ್ಷದಷ್ಟು ಹಳೆಯದು. ಅದರ ಮುಂದೆ ಈ ಕಂಬಗಳು ನಿನ್ನೆ ಮೊನ್ನೆಯವು. ಪಶ್ಚಿಮ ಘಟ್ಟದ ಕಡಿದಾದ ಗೋಡೆಗೂ ಆ ಬೇರ್ಪಡೆಗೂ ನಂಟಿದೆ ಎಂದು ಓದಿದ ಮೇಲೆ ಘಾಟಿಯ ಒಂದೊಂದು ತಿರುವೂ ನನಗೆ ಬೇರೆಯಾಗಿ ಕಾಣುತ್ತದೆ.

ನೀವೂ ಶುರುಮಾಡುವುದಾದರೆ ಫೆಬ್ರವರಿಯಿಂದ ಮೇ ತಿಂಗಳೊಳಗೆ ಹೊರಡಿ, ಹೊಳೆಯ ಬಂಡೆ ಹೊರಗಿರುತ್ತದೆ. ಮಳೆಗಾಲದಲ್ಲಿ ಧರೆಯ ಹತ್ತಿರ ನಿಲ್ಲಬೇಡಿ, ಕುಸಿಯುತ್ತದೆ. ದೇವಸ್ಥಾನದ ಕಲ್ಲಿಗೆ ಉಗುರೂ ತಾಗಿಸಬೇಡಿ. ನೆಂಟರ ಮನೆಯಲ್ಲಿ ಬೋರ್ ಕೊರೆಸುವ ಸುದ್ದಿ ಸಿಕ್ಕರೆ ಬಿಡಬೇಡಿ. ಮೇಲೆ ಬರುವ ಪುಡಿಯನ್ನು ಇಷ್ಟಿಷ್ಟು ಅಡಿಗೊಮ್ಮೆ ಪ್ಲಾಸ್ಟಿಕ್ ಕವರಿಗೆ ತುಂಬಿ, ಆಳ ಬರೆದಿಟ್ಟುಕೊಳ್ಳಿ. ಕೆಂಪು ಹೋಗಿ ಬಿಳಿ, ಬಿಳಿ ಹೋಗಿ ಬೂದಿಬಣ್ಣ ಎಲ್ಲಿ ಬಂತು ಅನ್ನುವುದು ಸರಿಯಾಗಿ ಗೊತ್ತಾಗುತ್ತದೆ.