ಅಡಿಕೆ ತೋಟದ ಕೆರೆಯಲ್ಲಿ ಸ್ಕೂಬಾ ಕಲಿಸಿದ್ದು

ನಾನು ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜೋದನ್ನು, ಕಲಿಸುವವನು. ಹೋದ ಸೀಸನ್‌ನಲ್ಲಿ ನನ್ನ ಬ್ಯಾಚಿನ ನಾಲ್ಕು ಜನ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸಮುದ್ರದ ಮೊದಲ ಡೈವ್‌ಗೆ ಇಳಿದರು. ಒಬ್ಬರೂ ಅಡಿಯಲ್ಲಿ ಮಂಡಿ ಊರಲಿಲ್ಲ, ಒಬ್ಬರ ಫಿನ್ನೂ (ಕಾಲಿಗೆ ಹಾಕುವ ರೆಕ್ಕೆ) ಹವಳಕ್ಕೆ ತಾಗಲಿಲ್ಲ. ದೋಣಿ ಹತ್ತಿದ ಮೇಲೆ ಪಕ್ಕದ ದೋಣಿಯ ಇನ್‌ಸ್ಟ್ರಕ್ಟರ್ ಒಬ್ಬ, "ಇವರದ್ದು ಎಷ್ಟನೇ ಡೈವು?" ಅಂತ ಕೇಳಿದ. ಮೊದಲನೇದು ಅಂದೆ. ನಂಬಲಿಲ್ಲ. ಇದೇ ಮನುಷ್ಯ ಎರಡು ವರ್ಷದ ಹಿಂದೆ, "ಶಿರಸಿ ಕೆರೆಯಲ್ಲಿ ಸ್ಕೂಬಾನಾ? ಕಪ್ಪೆಗೂ ಕಾರ್ಡ್ ಕೊಡ್ತೀರಾ?" ಅಂತ ನಕ್ಕಿದ್ದ. ಕಾರ್ಡ್ ಅಂದರೆ ಕೋರ್ಸ್ ಮುಗಿಸಿದವರಿಗೆ ಕೊಡುವ ಸರ್ಟಿಫಿಕೇಟು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆರೆಗೆ ಹೋಗಿದ್ದು ಹುಮ್ಮಸ್ಸಿನಿಂದಲ್ಲ, ದುಡ್ಡಿಲ್ಲದೆ. ಹೊಸಬರ ಕೋರ್ಸಾದ ಓಪನ್ ವಾಟರ್‌ನ ಮೊದಲ ಪಾಠಗಳಿಗೆ ಕರಾವಳಿಯ ಒಂದು ಹೋಟೆಲಿನ ಈಜುಕೊಳ ಬಾಡಿಗೆಗೆ ಹಿಡಿದಿದ್ದೆ. ಗಂಟೆಗೆ 1,200 ರೂಪಾಯಿ. ಎದೆಮಟ್ಟದ ನೀರು. ಅದರಲ್ಲಿ ತೇಲಿ ನಿಲ್ಲೋದು ಹೇಗೆ ಕಲಿಸ್ತೀರಿ? ತಲೆ ನೀರಿನ ಹೊರಗೆ, ಕಾಲು ನೆಲದ ಮೇಲೆ. ಅದರ ಮೇಲೆ ಗೆಸ್ಟ್ ಬಂದರು ಅಂದರೆ ಅರ್ಧ ಪಾಠಕ್ಕೆ ಎದ್ದು ಹೋಗಬೇಕು. ಒಂದು ಬ್ಯಾಚಿಗೆ ಕೊಳದ ಬಾಡಿಗೆಯೇ ಹನ್ನೊಂದು ಹನ್ನೆರಡು ಸಾವಿರ ಆಗುತ್ತಿತ್ತು.

ಮಾವನ ತೋಟದ ಕೆರೆ ಶಿರಸಿಯಿಂದ ಹತ್ತು ಕಿಲೋಮೀಟರ್. ಸುತ್ತ ಚಿರೆಕಲ್ಲಿನ ಕಟ್ಟೆ, ಒಂದು ಕಡೆ ಮೆಟ್ಟಿಲು, ಒರತೆ ನೀರು. ಮಳೆಗಾಲದ ಕೆಂಪು ಇಳಿದು ಡಿಸೆಂಬರ್‌ಗೆ ತಿಳಿಯಾಗುತ್ತದೆ. ಆಗ ಆಳ ಮೂರೂವರೆ ಮೀಟರ್ ಇರಬಹುದು. ಪಂಪು ಹಿಂದಿನ ದಿನವೇ ಬಂದ್ ಮಾಡಿದರೆ ಈ ದಡದಿಂದ ಆಚೆಯವರ ಮುಖ ಕಾಣದಿದ್ದರೂ ನೀರೊಳಗೆ ಮೂರು ನಾಲ್ಕು ಮೀಟರ್ ಚೆನ್ನಾಗಿ ಕಾಣುತ್ತದೆ. ಮಾರ್ಚ್ ಬಂದರೆ ನೀರು ಇಳಿದು ಆಟ ಮುಗಿಯಿತು.

ಮೊದಲ ದಿನ ಪೂರ್ತಿ ಹಾಳು. ನಾಲ್ವರನ್ನೂ ಎಲ್ಲರ ಹಾಗೆ ಸಾಲಾಗಿ ಮಂಡಿ ಊರಿ ಕೂರಿಸಿದೆ. ಒಂದು ನಿಮಿಷ ಆಗಿಲ್ಲ, ಅಡಿಯ ಹೂಳೆಲ್ಲ ಎದ್ದು ನನ್ನ ಕೈಯೇ ನನಗೆ ಕಾಣಲಿಲ್ಲ. ಒಬ್ಬೊಬ್ಬರ ಕೈ ಹಿಡಿದು ಮೇಲೆ ತಂದೆ. ಸಂಜೆ ಮಾವನ ಫೋನು. "ತಮಾ, ಎಂತಾ ಮಾಡಿಟ್ಟೆ ಮಾರಾಯಾ? ಸ್ಪ್ರಿಂಕ್ಲರ್ ಜೆಟ್ಟೆಲ್ಲ ಕಟ್ಟಿಹೋತು!"

ಆಮೇಲೆ ಟಾರ್ಪಾಲು ತಂದೆ, 2,800 ರೂಪಾಯಿ. ಕಲ್ಲು ಹೇರಿ ಅಡಿಗೆ ಹಾಸಿದೆ. ಹೂಳಿನಿಂದ ಎದ್ದ ಗುಳ್ಳೆ ಅದರ ಅಡಿ ಸೇರಿ, ಟಾರ್ಪಾಲು ಹೋಳಿಗೆ ಉಬ್ಬಿದ ಹಾಗೆ ಉಬ್ಬಿತು. ಈಗ ಅದು ಅಡಿಕೆ ಒಣಗಿಸೋಕೆ ಬಳಕೆಯಲ್ಲಿದೆ.

ಮಂಡಿ ಊರೋದೇ ಬೇಡ ಅಂತ ಆಗ ತೀರ್ಮಾನ ಮಾಡಿದೆ. ತೇಲುತ್ತಲೇ ಕಲಿಸಬೇಕು ಅನ್ನೋ ಮಾತು ನಮ್ಮ ಕಸುಬಿನಲ್ಲಿ ಹೊಸದೇನಲ್ಲ. ಆದರೆ ಹೇಳೋರು ಜಾಸ್ತಿ, ಮಾಡೋರು ಕಡಿಮೆ. ನನಗೆ ಬೇರೆ ದಾರಿ ಇರಲಿಲ್ಲ, ಹೂಳೇ ನನ್ನ ಗುರು.

ಎರಡು ಅಡಿಕೆ ದಬ್ಬೆ ನೆಟ್ಟು, ಎರಡು ಮೀಟರ್ ಆಳದಲ್ಲಿ ಕತ್ತದ ಹಗ್ಗ ಅಡ್ಡ ಕಟ್ಟಿದೆ. ಮೊದಲ ಮುಕ್ಕಾಲು ಗಂಟೆ ಮಾಸ್ಕಿನೊಳಗೆ ಬಂದ ನೀರು ತೆಗೆಯುವ ಪಾಠದ ಸುದ್ದಿಯೇ ಇಲ್ಲ. ಬರೀ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕ ಸರಿಮಾಡೋದು, ಹಗ್ಗದ ಮಟ್ಟಕ್ಕೆ ಅಡ್ಡ ಮಲಗೋದು, ಉಸಿರಾಡೋದು. ಹಗ್ಗದಿಂದ ಒಂದು ದಾರ ಇಳಿಬಿಟ್ಟು ತುದಿಗೆ ಒಂದು ಗುರುತು. ಮೊದಲು ಗೋಟಡಿಕೆ ಕಟ್ಟಿದ್ದೆ, ಅದು ತೇಲಿ ಹೋಯಿತು. ಆಮೇಲೆ ಬಲೆಗೆ ಕಟ್ಟುವ ಸೀಸದ ಗುಂಡು ಕಟ್ಟಿದೆ. ಗುಂಡು ಕಣ್ಣಿನ ನೇರಕ್ಕೆ ಇರಬೇಕು. ಉಸಿರು ಎಳೆದಾಗ ಗುಂಡು ಕೆಳಗೆ ಸರಿದ ಹಾಗೆ, ಬಿಟ್ಟಾಗ ಮೇಲೆ ಬಂದ ಹಾಗೆ ಕಾಣುತ್ತದೆ. ನಿಜವಾಗಿ ಏರಿಳಿಯೋದು ತಾನೇ ಅಂತ ಹುಡುಗರಿಗೆ ಹತ್ತು ನಿಮಿಷದಲ್ಲಿ ಹೊಳೆಯುತ್ತದೆ. ಬಾಯಲ್ಲಿ ಗಂಟೆಗಟ್ಟಲೆ ಹೇಳಿದರೂ ಹೊಳೆಯದ ಸಂಗತಿ ಇದು.

ಮಾಸ್ಕಿನ ನೀರು ತೆಗೆಯೋದು ಮಾತ್ರ ತೇಲುವಾಗ ಕಷ್ಟ. ಮೂಗಿಂದ ಉಸಿರು ಬಿಟ್ಟ ಕೂಡಲೇ ಮನುಷ್ಯ ಒಂದು ಗೇಣು ಕೆಳಗೆ ಹೋಗುತ್ತಾನೆ, ಗಾಬರಿಯಾಗಿ ಕಾಲು ಬಡಿಯುತ್ತಾನೆ, ಹೂಳು ಏಳುತ್ತದೆ. ಎದೆ ತುಂಬ ಎಳೆದುಕೊಂಡು, ಮೇಲೆ ಏರಲು ಶುರುವಾದಾಗ ಮೂಗಿಂದ ಬಿಡು ಅಂದೆ. ಏರೋದು ಇಳಿಯೋದು ಅಲ್ಲಿಗೆ ಸಮ. ಕಾಲು ಇಳಿಬೀಳುವವರಿಗೆ ಬೆಲ್ಟಿನ ಸೀಸ ಸ್ವಲ್ಪ ತೆಗೆದು ಬೇರೆ ಕಡೆ ಕಟ್ಟುತ್ತೇನೆ. ಎಲ್ಲಿ, ಎಷ್ಟು ಅಂತ ಬರೆಯಲ್ಲ, ಅದಕ್ಕೇ ಎರಡು ಸೀಸನ್ ಹೋಗಿದೆ.

ಈಗ ಅವಮಾನದ ಕಥೆ. ಮೊದಲ ಬ್ಯಾಚನ್ನು ಮುರ್ಡೇಶ್ವರದಿಂದ ನೇತ್ರಾಣಿಗೆ ಕರೆದೊಯ್ದೆ. ಒಂದೂವರೆ ಗಂಟೆ ದೋಣಿ, ಇಬ್ಬರಿಗೆ ವಾಂತಿ. ನೀರಿಗೆ ಬಿದ್ದರೆ ಯಾರೂ ಮುಳುಗಲ್ಲ! ಕೆರೆಯ ಲೆಕ್ಕದ ಸೀಸವನ್ನೇ ಕಟ್ಟಿಸಿದ್ದೆ. ಉಪ್ಪು ನೀರು ಸಿಹಿ ನೀರಿಗಿಂತ ಸುಮಾರು ಎರಡೂವರೆ ಪರ್ಸೆಂಟ್ ಭಾರ, ಸಾಮಾನು ಸೇರಿ ತೊಂಬತ್ತು ಕೆ.ಜಿ. ಆಗುವವನಿಗೆ ಕೆರೆಗಿಂತ ಎರಡು ಕೆ.ಜಿ.ಗೂ ಮೀರಿ ಜಾಸ್ತಿ ಸೀಸ ಬೇಕು. ಪರೀಕ್ಷೆಗೆ ಓದಿದ್ದೇ, ಆದರೆ ಆ ಬೆಳಿಗ್ಗೆ ತಲೆಗೇ ಬರಲಿಲ್ಲ. ದೋಣಿಯಲ್ಲಿ ಹೆಚ್ಚಿನ ಸೀಸವೂ ಇರಲಿಲ್ಲ. ದೋಣಿ ನಡೆಸುವ ತಾಂಡೇಲರು ಬೀಡಿ ಕಚ್ಚಿಕೊಂಡು, "ಭಟ್ರೇ, ನಿಮ್ಮ ಹುಡುಗ್ರು ಬಲೆ ಬೆಂಡಿನ ಹಾಗೆ ತೇಲ್ತಾರಲ್ರೀ" ಅಂದರು. ದೋಣಿ ಖರ್ಚು ಪೂರ್ತಿ ನನ್ನ ಮೈಮೇಲೆ, ಹದಿನಾಲ್ಕು ಸಾವಿರದ ಹತ್ತಿರ.

ತೂಕದ ವಿಷಯದಲ್ಲಿ ಇನ್ನೊಂದು. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ 200 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿದಾಗ ಅದರೊಳಗಿನ ಗಾಳಿಯೇ ಎರಡೂವರೆ ಕೆ.ಜಿ. ತೂಗುತ್ತದೆ. ಆ ಗಾಳಿ ಖರ್ಚಾಗುತ್ತಾ ಹೋಗುತ್ತದೆ, ಹಾಗಾಗಿ ಡೈವ್‌ನ ಕೊನೆಯಲ್ಲಿ ಸುರಕ್ಷತೆಗೆ ಅಂತ 5 ಮೀಟರಿನಲ್ಲಿ 3 ನಿಮಿಷ ನಿಲ್ಲುವಾಗ ಹಗುರಾಗಿ ಮೇಲೆ ಚಿಮ್ಮುವವರು ಬಹಳ. ನಾನೀಗ ತೂಕ ನೋಡೋದು 50 ಬಾರ್ ಉಳಿದಾಗಲೇ.

ಕಾರ್ಡ್ ಇದ್ದವರನ್ನು ತಿದ್ದೋದು ಹೊಸಬರಿಗಿಂತ ಕಷ್ಟ. ಬೆಂಗಳೂರಿನ ಒಬ್ಬರು ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ 30 ಮೀಟರ್ ತನಕ ಹೋಗಿ ಬಂದವರು. ಕೆರೆಗೆ ಯಾಕೆ ಇಳಿಯಬೇಕು ಅಂತ ಮುಖ ಸಿಂಡರಿಸಿದರು. ನೇತ್ರಾಣಿಯಲ್ಲಿ ಅವರ ಗಾಳಿ ಇಪ್ಪತ್ತೆಂಟು ನಿಮಿಷಕ್ಕೆ ಖಾಲಿ. ಕೈ ಬೀಸುತ್ತಾರೆ, ನಾಲ್ಕು ಕೆ.ಜಿ. ಸೀಸ ಜಾಸ್ತಿ ಕಟ್ಟಿಕೊಂಡಿದ್ದಾರೆ, ಅದನ್ನು ಎತ್ತಲು ತೇಲಿಸುವ ಜಾಕೆಟ್ಟಿಗೆ ಸಿಲಿಂಡರಿನ ಗಾಳಿ ತುಂಬುತ್ತಲೇ ಇರುತ್ತಾರೆ. ಎರಡು ದಿನ ಸೀಸದ ಗುಂಡಿನ ಎದುರು ಮಲಗಿಸಿದೆ. ಮುಂದಿನ ಡೈವ್ ನಲವತ್ತೈದು ನಿಮಿಷ ಬಂತು. ಆಮೇಲೆ ಅವರೇ ಮೂವರನ್ನು ಕಳಿಸಿದರು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮಾಸ್ಕಿಗೆ ಮಂಜು ಹಿಡಿಯದಿರಲು ಎಂಜಲು, ಬೇಬಿ ಶಾಂಪೂ ಎಲ್ಲ ನೋಡಿದ್ದೇವಲ್ಲ. ಅತ್ತೆ ತಲೆಗೆ ಹಾಕಲು ದಾಸವಾಳದ ಎಲೆ ಕಿವುಚಿ ಗೊಂಪು ಮಾಡಿಟ್ಟಿದ್ದರು. ಒಂದು ಬೆರಳು ತೆಗೆದು ಗಾಜಿಗೆ ಸವರಿ ತೊಳೆದೆ. ಶಾಂಪೂವಿನಷ್ಟೇ ಚೆನ್ನಾಗಿ ಕೆಲಸ ಮಾಡಿತು, ಕಣ್ಣು ಉರಿಯಲೂ ಇಲ್ಲ. ಆದರೆ ಸರಿಯಾಗಿ ತೊಳೆಯದಿದ್ದರೆ ಎಲೆಯ ಚೂರು ಕಣ್ಣೆದುರು ಮೀನಿನ ಹಾಗೆ ಓಡಾಡುತ್ತದೆ. ಸೀಗೆ ಪುಡಿ ಮಾತ್ರ ಬೇಡವೇ ಬೇಡ.

ಇನ್ನೊಂದು ವಿಷಯ ಘಟ್ಟದ ಮೇಲಿನವರು ಮರೆಯುತ್ತಾರೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಬೆಳಿಗ್ಗೆ ಎರಡು ಡೈವ್ ಮಾಡಿ ಮಧ್ಯಾಹ್ನವೇ ಶಿರಸಿ ದಾರಿಯ ದೇವಿಮನೆ ಘಾಟಿ ಹತ್ತೋದು ಒಳ್ಳೆಯದಲ್ಲ. ಡೈವ್‌ನಲ್ಲಿ ಮೈಯಲ್ಲಿ ಕರಗಿ ಉಳಿದ ನೈಟ್ರೋಜನ್, ಮೇಲೆ ಹೋಗಿ ಒತ್ತಡ ಇಳಿದಾಗ ಗುಳ್ಳೆ ಕಟ್ಟಬಹುದು. ಅದಕ್ಕೆ ವಿಮಾನವೂ ಒಂದೇ, ಘಾಟಿಯೂ ಒಂದೇ, ಎತ್ತರ ಮಾತ್ರ ಬೇರೆ. ಮುರ್ಡೇಶ್ವರದಲ್ಲೇ ರಾತ್ರಿ ಮಲಗಿಸಿ ಮರುದಿನ ಬಿಡುತ್ತೇನೆ. ರೂಮಿನ ಖರ್ಚು ಫೀಸಿನಲ್ಲೇ ಸೇರಿಸಿದ್ದೇನೆ, ಇಲ್ಲದಿದ್ದರೆ ಓಡಿಹೋಗುತ್ತಾರೆ.

ಲೆಕ್ಕ ಬರೆದಿಟ್ಟಿಲ್ಲ, ನೆನಪಿನ ಮೇಲೆ ಹೇಳುತ್ತೇನೆ. ಒಬ್ಬರಿಗೆ 28 ಸಾವಿರ ಫೀಸು. ಸಿಲಿಂಡರ್ ತುಂಬಿಸಿ ಪಿಕಪ್‌ನಲ್ಲಿ ಮೇಲೆ ತರಲು ಒಂದು ಸಲಕ್ಕೆ ನಾಲ್ಕೂವರೆ ಸಾವಿರ. ಮೊದಲ ವರ್ಷ ಅರವತ್ತು ಸಾವಿರ ಲಾಸು, ಸೊಸೈಟಿ ಸಾಲ ಮಾಡಿದ್ದೆ. ಎರಡನೇ ವರ್ಷ ಸಮಸಮ. ಈ ವರ್ಷ ಸಾಲ ತೀರಿ ಕೈಯಲ್ಲಿ ಸ್ವಲ್ಪ ಉಳಿದಿದೆ.

ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಸಬೇಕು ಅಂತ ಮಾವ ಹೇಳುತ್ತಿದ್ದಾರೆ, ಅರ್ಧ ಖರ್ಚು ನನ್ನದಂತೆ. ಪೂರ್ತಿ ತೆಗೆಸಿದರೆ ಹುಡುಗರು ಮತ್ತೆ ಮಂಡಿ ಊರಲು ಶುರು ಮಾಡ್ತಾರೆ ಅಂತ ನನಗೆ ಹೆದರಿಕೆ. ಸದ್ಯಕ್ಕೆ ಪಂಪಿನ ಕಡೆಯದ್ದು ಮಾತ್ರ ತೆಗೆಸೋಣ ಅಂತ ಒಪ್ಪಿಸಿದ್ದೇನೆ.