ಕತ್ತರಿ ಹಾಕುವ ಮೊದಲು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ, 16 ವರ್ಷವಾಯಿತು. ಮೂರು ವರ್ಷದ ಹಿಂದೆ ಒಂದು ಮದುವೆಯ ರೇಷ್ಮೆ ಬ್ಲೌಸಿಗೆ ಬೆನ್ನಿನ ಕುತ್ತಿಗೆಯ ಆಳವನ್ನು ಮುಂಭಾಗಕ್ಕೆ ಗುರುತು ಹಾಕಿ ಕತ್ತರಿಸಿಬಿಟ್ಟೆ. 6 ಇಂಚು ಇರಬೇಕಾದಲ್ಲಿ 9. ಸೀರೆಯ ಜೊತೆಗೇ ನೇಯ್ದು ಬಂದ ತುಂಡು ಅದು, ಇನ್ನೊಂದು ಸಿಗುವುದಿಲ್ಲ. ಮದುವೆಗೆ ಇದ್ದದ್ದು ನಾಲ್ಕೇ ದಿನ. ಮದುಮಗಳ ತಾಯಿ ಅಂಗಡಿ ತುಂಬ ಜನ ಇರುವಾಗ, "ನಿನ್ನನ್ನು ನಂಬಿ ಕೊಟ್ಟದ್ದೇ ತಪ್ಪಾಯ್ತು" ಎಂದರು. ಬೇರೆ ಬಟ್ಟೆ ತಂದು ಹೊಲಿದು ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಒಂದೇ ಅಳತೆಯನ್ನು ಐದಾರು ಸಲ ನೋಡುತ್ತಿದ್ದೆ. ರಾತ್ರಿ ಎದ್ದು ಆರ್ಡರ್ ಪುಸ್ತಕ ತೆರೆಯುತ್ತಿದ್ದೆ. ಪಕ್ಕದ ಫ್ಯಾನ್ಸಿ ಅಂಗಡಿಯ ಅಕ್ಕನನ್ನು ಕರೆದು ಚಾಕ್ ಗೆರೆ ತೋರಿಸಿ "ಇದು ಸರಿ ಉಂಟಾ?" ಎಂದು ಕೇಳುತ್ತಿದ್ದೆ, ಪಾಪ, ಅವರಿಗೆ ಹೊಲಿಗೆಯ ಗಂಧವೂ ಇಲ್ಲ. ಮದುವೆ ಆರ್ಡರು ಬಂದರೆ ಪುರುಸೊತ್ತಿಲ್ಲವೆಂದು ಸುಳ್ಳು ಹೇಳಿ ಕಳಿಸುತ್ತಿದ್ದೆ. ಆಮೇಲೆ ಅದು ಹೊಲಿಗೆಗಷ್ಟೇ ನಿಲ್ಲಲಿಲ್ಲ. ಮಗನನ್ನು ಕನ್ನಡ ಮೀಡಿಯಮ್ಮಿಗೆ ಹಾಕಿದ್ದು ಸರಿಯಾ, ಗ್ಯಾಸ್ ಆಫ್ ಮಾಡಿದೆನಾ, ಎಲ್ಲವನ್ನೂ ಇನ್ನೊಬ್ಬರು ಹೇಳಬೇಕು.

ಮೊದಲು ಮಾತಾಡಿದ್ದು ಟೆಲಿ ಮಾನಸ್‌ನ 14416ಕ್ಕೆ. 2022ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಅದು, ರಾತ್ರಿಯೂ ಇರುತ್ತದೆ. ಕೌನ್ಸೆಲಿಂಗಿಗೆ ಹೋಗಿ ಎಂದು ಅಲ್ಲಿ ಹೇಳಿದರು. ಹತ್ತಿರದಲ್ಲಿ ಒಬ್ಬರ ಹತ್ತಿರ ಎರಡು ಸಲ ಹೋದೆ. ಒಳ್ಳೆಯವರು, ಆದರೆ ಮಾತೆಲ್ಲ ಮಲಯಾಳ. ಮಲಯಾಳದಲ್ಲಿ ನಾನು ದಿನವಿಡೀ ವ್ಯಾಪಾರ ಮಾಡುತ್ತೇನೆ, ಆದರೂ ಆ ದಿನ ನಾಚಿಕೆಯಾದದ್ದನ್ನು ಹೇಳಲು ಹೋದರೆ ಮಾತೇ ಬರಲಿಲ್ಲ. ಹಾಗಾಗಿ ಮಂಗಳೂರಿಗೆ, ಕನ್ನಡದಲ್ಲೇ ಮಾತಾಡುವ ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ, ವಾರಕ್ಕೊಮ್ಮೆ ಲೋಕಲ್ ಟ್ರೇನಿನಲ್ಲಿ. ಒಟ್ಟು 14 ಸಲ ಹೋದೆ.

ಮೇಡಂ ಮಾಡಿದ್ದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಕ್ರಮದ ಚಿಕಿತ್ಸೆ, ನಮ್ಮ ಯೋಚನೆಯನ್ನೂ ನಡವಳಿಕೆಯನ್ನೂ ಪರೀಕ್ಷಿಸಿ ಬದಲಿಸಿಕೊಳ್ಳುವುದು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ್ದಂತೆ. ಮೇಡಂ ನನ್ನನ್ನು ಹೊಗಳಿ ಧೈರ್ಯ ತುಂಬುತ್ತಾರೆ ಎಂದುಕೊಂಡು ಹೋದವಳು ನಾನು. ಎರಡನೆಯ ದಿನ ಒಂದು ಬ್ಲೌಸಿನ ಫೋಟೋ ತೋರಿಸಿ "ಸರಿ ಉಂಟಾ ಮೇಡಂ?" ಎಂದೆ. ಮೊಬೈಲನ್ನು ಮೆಲ್ಲ ನನ್ನ ಕಡೆ ತಿರುಗಿಸಿ "ನಿಮಗೆ ಎಂತ ಕಾಣ್ತದೆ?" ಎಂದರು. ಸಿಟ್ಟು ಬಂತು. ಇಷ್ಟು ದೂರ ಬಂದದ್ದು ಇದಕ್ಕಾ ಅನಿಸಿತು. ಆಮೇಲೆ ವಿವರಿಸಿದರು: ಪ್ರತಿ ಸಲ ಯಾರೋ "ಸರಿ ಉಂಟು" ಎಂದಾಗ ಹತ್ತು ನಿಮಿಷ ಹಗುರವಾಗುತ್ತದೆ, ಆದರೆ ಕೇಳದಿದ್ದರೂ ಸರಿಯೇ ಇರುತ್ತಿತ್ತು ಎಂದು ತಿಳಿಯುವ ಅವಕಾಶ ತಪ್ಪುತ್ತದೆ, ಮುಂದಿನ ಸಲ ಕೇಳದೆ ಇರಲು ಇನ್ನೂ ಕಷ್ಟ. ನನ್ನ ವಿಷಯದಲ್ಲಿ ಇದು ಅಕ್ಷರಶಃ ನಿಜವಾಗಿತ್ತು.

ಹೋಂವರ್ಕೂ ಇತ್ತು. ಆರ್ಡರ್ ಪುಸ್ತಕ ತರಲು ಹೇಳಿದರು. ಕೂತು ಎಣಿಸಿದೆವು. ಆ ಒಂದು ವರ್ಷ ಹೊಲಿದ ಬ್ಲೌಸು 340. ಫಿಟ್ಟಿಂಗಿಗೆ ವಾಪಸು ಬಂದದ್ದು 11. ಹಾಳಾದದ್ದು ಒಂದು. ಆ ಪುಸ್ತಕ ದಿನಾ ನನ್ನ ಕೈಯಲ್ಲೇ ಇತ್ತು, ಆದರೆ ನಾನು ಓದುತ್ತಿದ್ದದ್ದು ಆ ಒಂದು ಸಾಲನ್ನು ಮಾತ್ರ.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೆಲಸ. ಮೊದಲು ಲೈನಿಂಗ್ ಬಟ್ಟೆ, ಅಳತೆ ಎರಡೇ ಸಲ, ಯಾರಿಗೂ ತೋರಿಸದೆ ಕತ್ತರಿಸಬೇಕು. ಆಮೇಲೆ ಹತ್ತಿ, ಆಮೇಲೆ ಪರಿಚಯದ ಗಿರಾಕಿಯದ್ದು, ಕೊನೆಗೆ ರೇಷ್ಮೆ. ಪ್ರತಿ ಸಲ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ "ಏನಾಗಬಹುದು" ಎಂದು ಬರೆಯಬೇಕು, ಮುಗಿದ ಮೇಲೆ ಎದುರಿನ ಪುಟದಲ್ಲಿ "ಏನಾಯಿತು". ಎಡಪುಟದ ತುಂಬ ಕಣ್ಣೀರು, ಬೈಗಳು. ಬಲಪುಟದಲ್ಲಿ ಹೆಚ್ಚಾಗಿ "ಹಾಕಿಕೊಂಡು ನೋಡಿದರು, ದುಡ್ಡು ಕೊಟ್ಟರು, ಹೋದರು" ಎಂಬುದೇ.

ಕಷ್ಟವಾದದ್ದು ಬೇರೆ. ಬೇಕೆಂದೇ ಒಂದು ತಪ್ಪು ಮಾಡಿ ನೋಡಿ ಎಂದರು, ಸ್ವಂತ ಬ್ಲೌಸಿನಲ್ಲಿ. ಒಂದು ತೋಳು ಅರ್ಧ ಇಂಚು ಗಿಡ್ಡ ಹೊಲಿದೆ. ಅದನ್ನು ಹಾಕಿಕೊಂಡು ಜನವರಿಯಲ್ಲಿ ಕಣಿಪುರ ದೇವಸ್ಥಾನದ ಬೆಡಿಗೆ, ಅಂದರೆ ಜಾತ್ರೆಯ ಸುಡುಮದ್ದು ನೋಡಲು, ಹೋದೆ; ಕುಂಬಳೆಯವರಿಗೆ ಗೊತ್ತು, ಆ ರಾತ್ರಿ ಊರಿಗೆ ಊರೇ ಅಲ್ಲಿರುತ್ತದೆ. "ಎಲ್ಲರೂ ನೋಡ್ತಾರೆ, ಟೈಲರಿನ ಕತೆ ಇದು ಎನ್ನುತ್ತಾರೆ" ಎಂದು ಎಡಪುಟದಲ್ಲಿ ಬರೆದಿದ್ದೆ. ನನ್ನ ದೊಡ್ಡಮ್ಮ ಒಬ್ಬರು ಮಾತ್ರ ಕಂಡರು. ತೋಳನ್ನು ಕೈಯಿಂದ ಎಳೆದು ಸರಿಮಾಡಿ "ಬಾ, ಊಟಕ್ಕೆ ಲೇಟಾಗ್ತದೆ" ಎಂದರು. ಅಲ್ಲೇ ನಿಂತು ಅತ್ತುಬಿಟ್ಟೆ.

ಮಧ್ಯದಲ್ಲಿ, ಮದುವೆ ಗಡಿಬಿಡಿಯಲ್ಲಿ, ಮೂರು ದಿನ ಮತ್ತೆ ಫ್ಯಾನ್ಸಿ ಅಂಗಡಿಗೆ ಓಡಿದ್ದೂ ಉಂಟು. ಮೇಡಂ ಬೇಸರಪಡಲಿಲ್ಲ, ಯಾವ ದಿನ, ಯಾವ ಬಟ್ಟೆ ಎಂದು ಬರೆಸಿದರು ಅಷ್ಟೆ. ಮೂರು ದಿನವೂ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂದು ಕಂಡುಬಂತು.

ನಮ್ಮ ಸುತ್ತಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಕೌನ್ಸೆಲಿಂಗಿಗೆ ಹೋಗುವುದಾದರೆ ಮೊದಲು ಫೋನಿನಲ್ಲೇ ಕೇಳಿ: ಕನ್ನಡವೋ ತುಳುವೋ ಬರುತ್ತದಾ, ಎಷ್ಟು ಸಲ ಬರಬೇಕಾದೀತು, ಫೀಸು ಎಷ್ಟು. ಕೇಳಲು ನಾಚಿಕೆ ಬೇಡ. ಬದುಕೇ ಬೇಡವೆನಿಸುತ್ತಿದ್ದರೆ ಇದಕ್ಕೆಲ್ಲ ಕಾಯಬಾರದು, ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು.

ಕೈ ಈಗಲೂ ಸ್ವಲ್ಪ ನಡುಗುತ್ತದೆ. ನಾಳೆ ಬೆಳಿಗ್ಗೆ ಒಂದು ಮದುವೆ ಬ್ಲೌಸು ಕತ್ತರಿಸಲಿಕ್ಕುಂಟು. ಅಳತೆ ಎರಡು ಸಲ ನೋಡಿ ಬರೆದಿಟ್ಟಿದ್ದೇನೆ, ಪುಸ್ತಕ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ.